ಕಳ್ಳ ಸಿಕ್ಕಿದ್ದಾನೆ, ಸ್ವಲ್ಪ ಚಿನ್ನವೂ ಸಿಕ್ಕಿದೆ. ಅದು ನಮ್ಮದೇ ಅಂತ ತೋರಿಸುವುದು ಹೇಗೆ?

ಅಮ್ಮತ್ತಿ ಹುಡುಗಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು.

ಎಂಟು ತಿಂಗಳ ಹಿಂದೆ ನೆಂಟರ ಮದುವೆ ಅಂತ ಮನೆಗೆ ಬೀಗ ಹಾಕಿ ಎರಡು ರಾತ್ರಿ ಹೋಗಿದ್ದೆವು. ತೋಟದ ಮಧ್ಯದ ಮನೆ. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್. ಬಂದು ನೋಡಿದರೆ ಹಿಂಬಾಗಿಲ ಚಿಲಕ ಕಿತ್ತು ಬಿದ್ದಿತ್ತು, ಬೀರು ಮೀಟಿ ತೆಗೆದಿದ್ದರು, ಸೀರೆಗಳೆಲ್ಲ ನೆಲದ ಮೇಲೆ. ಅಮ್ಮನ ಜೋಮಾಲೆ (ಚಿನ್ನದ ಗುಂಡು ಪೋಣಿಸಿದ ಸರ), ಪತ್ತಾಕ್ (ಪದಕದ ಸರ), ನಾಲ್ಕು ಬಳೆ, ನನ್ನ ಒಂದು ಚೈನು, ಮೂವತ್ತು ಸಾವಿರ ನಗದು ಹೋಯಿತು. ಪೊಲೀಸರು ಅವತ್ತೇ ಬಂದರು. ಬೆರಳಚ್ಚಿನವರು ಬಂದರು, ನಾಯಿ ಬಂತು. ನಾಯಿ ಗೇಟಿನ ತನಕ ಹೋಗಿ ಡಾಂಬರು ರಸ್ತೆಯಲ್ಲಿ ನಿಂತುಬಿಟ್ಟಿತು. ಎಫ್‌ಐಆರ್ ಆಯಿತು. ಆಮೇಲೆ ಸುದ್ದಿಯೇ ಇಲ್ಲ.

ಹೋದ ವಾರ ಠಾಣೆಯಿಂದ ಫೋನ್. ಬೇರೆ ಕೇಸಿನಲ್ಲಿ ಒಬ್ಬ ಸಿಕ್ಕಿದ್ದಾನೆ, ನಿಮ್ಮ ಮನೆಯದ್ದನ್ನೂ ಒಪ್ಪಿಕೊಂಡಿದ್ದಾನೆ, ಕೆಲವು ಒಡವೆ ಮತ್ತು ಕರಗಿಸಿದ ಒಂದು ಗಟ್ಟಿ ಸಿಕ್ಕಿದೆ, ಬಂದು ಗುರುತಿಸಿ ಅಂದರು. ನಮ್ಮ ದೂರಿನಲ್ಲಿ ಇರುವುದು ಇಷ್ಟೇ: "ಚಿನ್ನದ ಸರ ಮೂರು, ಬಳೆ ನಾಲ್ಕು, ಒಟ್ಟು ಸುಮಾರು 150 ಗ್ರಾಂ". ಅವತ್ತು ಕೈ ನಡುಗುತ್ತಿತ್ತು, ಹೊಳೆದದ್ದು ಅಷ್ಟೇ. ಬಿಲ್ಲು ಒಂದೂ ಇಲ್ಲ. ಜೋಮಾಲೆ ಅಜ್ಜಿಯ ಕಾಲದ್ದು, ಅದಕ್ಕೆ ಬಿಲ್ಲು ಎಲ್ಲಿಂದ ತರುವುದು? ಬೇರೆ ಮೂರು ಮನೆಯವರೂ ಗುರುತಿಸಲು ಬರುತ್ತಾರಂತೆ. ಕರಗಿಸಿದ ಗಟ್ಟಿ ಯಾರದ್ದು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಸುಂಟಿಕೊಪ್ಪದಕ್ಕ
ಅಯ್ಯೋ ತಂಗಿ, ಸಿಕ್ಕಿತಲ್ಲ, ಅದೇ ದೊಡ್ಡದು. ಮದುವೆ ಆಲ್ಬಂ ತೆಗೆದು ನೋಡು. ಅಮ್ಮ ಕೊಡವ ಸೀರೆ ಉಟ್ಟು ನಿಂತ ಫೋಟೋ ಒಂದಾದರೂ ಇರುತ್ತದೆ, ಕೊರಳು ಕಾಣುವಂಥದ್ದು. ನಮ್ಮ ಮನೆಯಲ್ಲಿ ಕಳ್ಳತನ ಆದಾಗ ಮೈದುನನ ಮದುವೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆಸಿದ್ದೆವು.

ಮಳೆಕಾಡು
ನಿಮಗೆ ಫೋನಾದರೂ ಬಂತು. ನಮ್ಮದು ನಾಲ್ಕು ವರ್ಷ ಆಯಿತು. ಹತ್ತು ಸಲ ಹೋದೆ, ಹತ್ತು ಸಲವೂ "ನೋಡುತ್ತಾ ಇದ್ದೇವೆ". ಕೊನೆಗೆ ಪತ್ತೆಯಾಗಿಲ್ಲ ಅಂತ ಸಿ ರಿಪೋರ್ಟ್ ಹಾಕಿ ಕೈ ತೊಳೆದುಕೊಂಡರು. ದೊಡ್ಡವರ ಮನೆಯಲ್ಲಿ ಹೋಗಿದ್ದರೆ ವಾರದೊಳಗೆ ಹಿಡಿಯುತ್ತಿದ್ದರು.

ನಿವೃತ್ತ ದಫೇದಾರ್
ಮಳೆಕಾಡು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮೂವತ್ತು ವರ್ಷಕ್ಕೂ ಜಾಸ್ತಿ ಇಲಾಖೆಯಲ್ಲಿದ್ದೆ, ಅದರಲ್ಲಿ ಬಹಳ ವರ್ಷ ಕ್ರೈಂ ಕೆಲಸ. ಒಳಗಿನದ್ದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ಮನೆ ಕಳ್ಳತನದಲ್ಲಿ ಒಂದು ಮನೆಯ ಜಾಡು ಹಿಡಿದುಕೊಂಡೇ ಕಳ್ಳನ ತನಕ ಹೋಗುವುದು ಕಡಿಮೆ. ಜಾಸ್ತಿ ಸಲ ಕಳ್ಳ ಇನ್ನೆಲ್ಲೋ ಸಿಕ್ಕಿಬೀಳುತ್ತಾನೆ, ಆಮೇಲೆ ಹಿಂದಿನದ್ದೆಲ್ಲ ಹೊರಗೆ ಬರುತ್ತದೆ. ಅದಕ್ಕೇ ಎಂಟು ತಿಂಗಳು ಸುದ್ದಿ ಇರುವುದಿಲ್ಲ, ಒಂದು ದಿನ ತಟ್ಟನೆ ಫೋನ್ ಬರುತ್ತದೆ. ಒಬ್ಬ ಕಳ್ಳ ಒಂದೇ ತರ ಕೆಲಸ ಮಾಡುತ್ತಾನೆ. ಒಬ್ಬ ಹೆಂಚು ತೆಗೆದೇ ಇಳಿಯುತ್ತಾನೆ, ಇನ್ನೊಬ್ಬ ಹಿಂಬಾಗಿಲೇ ಮೀಟುತ್ತಾನೆ, ಮತ್ತೊಬ್ಬ ಕಿಟಕಿ ಸರಳು ಬಗ್ಗಿಸುತ್ತಾನೆ. ಈ ರೀತಿಯ ಕೆಲಸ ಯಾರದ್ದು, ಅವನು ಈಗ ಜೈಲಿನಲ್ಲಿದ್ದಾನಾ, ಹೊರಗೆ ಬಂದು ಎಷ್ಟು ದಿನವಾಯಿತು ಅಂತ ಮೊದಲು ನೋಡುತ್ತೇವೆ. ಬೆರಳಚ್ಚು ಸಿಕ್ಕಿದರೆ ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡುತ್ತಾರೆ. 2022ರಿಂದ ಎಲ್ಲ ರಾಜ್ಯಗಳ ಬೆರಳಚ್ಚು ಒಂದೇ ಕಡೆ ಹುಡುಕುವ ನಾಫಿಸ್ ಅನ್ನುವ ವ್ಯವಸ್ಥೆ ಇದೆ. ನಮ್ಮ ಕೊಡಗು ಜಿಲ್ಲೆಗೆ ಇದು ತುಂಬಾ ಮುಖ್ಯ. ಮಾಕುಟ್ಟ ದಾಟಿದರೆ ಕಣ್ಣೂರು ಜಿಲ್ಲೆ, ಕುಟ್ಟ ದಾಟಿದರೆ ವಯನಾಡು, ಕುಶಾಲನಗರ ದಾಟಿದರೆ ಮೈಸೂರು ಜಿಲ್ಲೆ, ಸಂಪಾಜೆ ಇಳಿದರೆ ಸುಳ್ಯ. ಬೆಳಗಾಗುವುದರೊಳಗೆ ಮಾಲು ಇನ್ನೊಂದು ರಾಜ್ಯದಲ್ಲಿ ಇರುತ್ತದೆ.

ಇನ್ನು ಮನೆಯವರು ಮಾಡುವ ತಪ್ಪು. ಇದನ್ನು ಎಷ್ಟು ಸಲ ನೋಡಿದ್ದೇನೋ. ನಾವು ಹೋಗುವುದರೊಳಗೆ ನೆಂಟರು, ಅಕ್ಕಪಕ್ಕದವರು ಎಲ್ಲ ಬಂದು ಬೀರು ಮುಟ್ಟಿ ನೋಡಿ, ಬಿದ್ದ ಸೀರೆ ಮಡಚಿಟ್ಟು, ನೆಲ ಗುಡಿಸಿರುತ್ತಾರೆ. ಒಂದು ಮನೆಯಲ್ಲಿ ಯಜಮಾನರು ಕಳ್ಳ ಬಿಟ್ಟುಹೋದ ಸ್ಕ್ರೂ ಡ್ರೈವರನ್ನು ಚೆನ್ನಾಗಿ ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಪಾಪ, ಸಹಾಯ ಆಗಲಿ ಅಂತಲೇ ಮಾಡಿದ್ದು. ಬಾಗಿಲು ಮುರಿದದ್ದು ಕಂಡ ಕೂಡಲೇ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ.

ಮಳೆಕಾಡು
ದಫೇದಾರ್ ಸಾರ್, ವಿವರಕ್ಕೆ ಥ್ಯಾಂಕ್ಸ್. ಆದರೆ ತನಿಖೆ ಎಲ್ಲಿಗೆ ಬಂತು ಅಂತ ಒಂದು ಮಾತು ಹೇಳುವುದಕ್ಕೆ ಏನು ಕಷ್ಟ? ನಾವು ಕೇಳಿದ್ದು ಅಷ್ಟೇ.

ನಿವೃತ್ತ ದಫೇದಾರ್
ಅದು ನಮ್ಮ ಕಡೆಯ ತಪ್ಪೇ, ಒಪ್ಪುತ್ತೇನೆ. ಒಂದು ಫೋನ್ ಮಾಡಬೇಕಿತ್ತು.

ವಿರಾಜಪೇಟೆ ವಕೀಲ
ಈಗ ಕಾನೂನಿನಲ್ಲೇ ಇದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತಲ್ಲ, ಅದರ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂದಿದೆ ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ತಿಳಿಸದಿದ್ದರೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ. ಮಳೆಕಾಡು ಅವರೇ, ಸಿ ರಿಪೋರ್ಟ್ ಹಾಕಿದ ಮಾತ್ರಕ್ಕೆ ಕಥೆ ಮುಗಿಯಿತು ಅಂತಲ್ಲ. ಮುಂದೆ ಸುಳಿವು ಸಿಕ್ಕಿದರೆ ಮತ್ತೆ ತನಿಖೆ ಮಾಡಲು ಅವಕಾಶ ಇದೆ. ಆ ಎಫ್‌ಐಆರ್ ನಂಬರ್ ಕಳೆದುಕೊಳ್ಳಬೇಡಿ.

ಈಗ ಅಮ್ಮತ್ತಿಯವರ ವಿಷಯ. ಒಂದು ಮಾತು ಮೊದಲೇ ಹೇಳುತ್ತೇನೆ: ಒಡವೆ ನೋಡಲು ಇನ್ನೂ ಹೋಗಿಲ್ಲ ಅಲ್ವಾ? ಒಳ್ಳೆಯದಾಯಿತು. ನೋಡುವುದಕ್ಕೆ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಪ್ರತಿಯೊಂದು ಒಡವೆಯ ಗುರುತನ್ನೂ ಬರೆಯಿರಿ. ಎಷ್ಟು ಗುಂಡು, ಯಾವ ಬಣ್ಣದ ಕಲ್ಲು, ಎಲ್ಲಿ ನಗ್ಗಿದೆ, ಎಲ್ಲಿ ಬೆಸುಗೆ ಹಾಕಿಸಿದ್ದು, ಕೊಂಡಿ ಯಾವ ತರದ್ದು. ಅದನ್ನು ಹೆಚ್ಚುವರಿ ಹೇಳಿಕೆ ಅಂತ ತನಿಖಾಧಿಕಾರಿಗೆ ಕೊಟ್ಟು, ಆಮೇಲೆ ಒಡವೆ ನೋಡಿ. ಇದು ಯಾಕೆ ಅಂದರೆ, ನೋಡಿದ ಮೇಲೆ ಗುರುತು ಹೇಳಿದರೆ ಆರೋಪಿ ಪರ ವಕೀಲರು ಕೇಳುವ ಮೊದಲ ಪ್ರಶ್ನೆಯೇ "ಠಾಣೆಯಲ್ಲಿ ತೋರಿಸಿದ ಮೇಲೆ ಹೇಳಿದ್ದೀರಿ ಅಲ್ವಾ?" ಅಂತ. ನೋಡುವ ಮೊದಲೇ ಬರೆದುಕೊಟ್ಟಿದ್ದರೆ ಆ ಪ್ರಶ್ನೆಗೆ ಜಾಗ ಇಲ್ಲ. ಕೆಲವು ಸಲ ಅದೇ ತರದ ಬೇರೆ ಒಡವೆಗಳ ಜೊತೆ ಬೆರೆಸಿಟ್ಟು ಗುರುತಿಸಿ ಅನ್ನುತ್ತಾರೆ. ಹೆದರಬೇಡಿ, ಅದು ನಿಮಗೇ ಒಳ್ಳೆಯದು.

ಬಿಲ್ಲು ಇಲ್ಲದಿದ್ದರೆ ಕೊಡುವುದೇ ಇಲ್ಲ ಅಂತ ಕಾನೂನು ಇಲ್ಲ. ಫೋಟೋ, ಮಾಡಿಕೊಟ್ಟ ಆಚಾರಿಯ ಹೇಳಿಕೆ, ಮನೆಯವರ ಹೇಳಿಕೆ ಎಲ್ಲವೂ ನಡೆಯುತ್ತದೆ.

ಗಿರವಿ ಕೌಂಟರ್
ನಾನು ಚಿನ್ನದ ಸಾಲ ಕೊಡುವ ಕಡೆ ಕೆಲಸ ಮಾಡುವವನು. ಅಕ್ಕ, ಒಂದು ಪ್ರಶ್ನೆ. ಆ ಜೋಮಾಲೆಯನ್ನು ಯಾವತ್ತಾದರೂ ಎಲ್ಲಾದರೂ ಅಡವಿಟ್ಟಿದ್ದಿರಾ? ಬ್ಯಾಂಕು, ಸೊಸೈಟಿ, ಎಲ್ಲೇ ಆಗಲಿ. ಇಟ್ಟಿದ್ದರೆ ಆ ಚೀಟಿ ಬಿಲ್ಲಿಗಿಂತ ಗಟ್ಟಿ ದಾಖಲೆ. ಒಡವೆಯ ಹೆಸರು, ಒಟ್ಟು ತೂಕ, ಕಳೆದು ಉಳಿದ ತೂಕ ಎಲ್ಲ ಬರೆದಿರುತ್ತಾರೆ.

ಜೋಮಾಲೆಯಲ್ಲಿ ಇದು ಇನ್ನೂ ಮುಖ್ಯ. ಗುಂಡು ಒಳಗೆ ಟೊಳ್ಳು, ಅರಗು ತುಂಬಿರುತ್ತದೆ. ತಕ್ಕಡಿಯಲ್ಲಿ ಇಟ್ಟಾಗ ಬರುವ ತೂಕ ಒಂದು, ಚಿನ್ನ ಮಾತ್ರ ಇನ್ನೊಂದು. ನೀವು ದೂರಿನಲ್ಲಿ 150 ಗ್ರಾಂ ಅಂತ ಬರೆಸಿದ್ದು ಅರಗು ಸೇರಿಸಿಯೋ ಬಿಟ್ಟೋ? ತೂಕ ತಾಳೆ ಆಗುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಜನ ತುಂಬಾ ಇದ್ದಾರೆ, ಕಾರಣ ಇಷ್ಟೇ ಇರುತ್ತದೆ.

ಬಾಳೆಲೆ ಭಾವ
ಗಿರವಿ ಕೌಂಟರ್ ಅವರೇ, ನೇರ ಕೇಳುತ್ತೇನೆ. ಕದ್ದ ಮಾಲು ಹೋಗಿ ಸೇರುವುದೇ ನಿಮ್ಮಂಥವರ ಹತ್ತಿರ. ತಗೊಳ್ಳುವಾಗ ಗೊತ್ತಾಗುವುದಿಲ್ಲವಾ?

ಗಿರವಿ ಕೌಂಟರ್
ಭಾವ, ಕೇಳಬೇಕಾದ ಪ್ರಶ್ನೆಯೇ. ನಾವು ಆಧಾರ್, ಫೋಟೋ, ಸಹಿ ಎಲ್ಲ ತಗೊಳ್ಳುತ್ತೇವೆ. ಆದರೂ ಕಳ್ಳ ತಾನೇ ಬರುವುದಿಲ್ಲ, ಹೆಂಗಸರನ್ನೋ ಪರಿಚಯದವರನ್ನೋ ಕಳಿಸುತ್ತಾನೆ. ನೆಂಟರಿಗೆ ಹುಷಾರಿಲ್ಲ, ಅರ್ಜೆಂಟ್ ಅನ್ನುತ್ತಾರೆ. ಪೊಲೀಸರು ನೋಟಿಸ್ ತಂದರೆ ಒಡವೆ ಕೊಡಲೇಬೇಕು, ಸಾಲದ ದುಡ್ಡು ನಮ್ಮ ತಲೆಯ ಮೇಲೆ. ಹಾಗಾಗಿ ತಗೊಳ್ಳುವಾಗ ಕಣ್ಣು ಮುಚ್ಚಿ ತಗೊಂಡರೆ ನಷ್ಟ ನಮಗೇ. ಅಡವಿಟ್ಟ ಒಡವೆ ಇದ್ದ ಹಾಗೇ ಸಿಗುತ್ತದೆ, ಅದು ಮನೆಯವರ ಪುಣ್ಯ. ಕರಗಿಸುವವನ ಕೈಗೆ ಹೋದರೆ ಗಟ್ಟಿ ಮಾತ್ರ.

ವಿರಾಜಪೇಟೆ ವಕೀಲ
ಕದ್ದದ್ದು ಅಂತ ಗೊತ್ತಿದ್ದೂ ತಗೊಂಡವರಿಗೆ ಭಾರತೀಯ ನ್ಯಾಯ ಸಂಹಿತೆ 317ರಲ್ಲಿ ಮೂರು ವರ್ಷದ ತನಕ ಶಿಕ್ಷೆ ಇದೆ. ಹಳೆಯ ಐಪಿಸಿಯಲ್ಲಿ 411. ಅದನ್ನೇ ದಂಧೆ ಮಾಡಿಕೊಂಡವರಿಗೆ ಹತ್ತು ವರ್ಷ ಅಥವಾ ಜೀವಾವಧಿ ತನಕ ಹೋಗುತ್ತದೆ.

ಹೊಸ ಓದುಗ
ಹಾಲ್‌ಮಾರ್ಕ್ ಇದ್ದರೆ ಯಾರದ್ದು ಅಂತ ಗೊತ್ತಾಗುತ್ತದಲ್ಲ?

ಗಿರವಿ ಕೌಂಟರ್
ಅಷ್ಟು ಸುಲಭ ಇಲ್ಲ. 2021ರ ಜುಲೈಯಿಂದ ಬಂದ ಎಚ್‌ಯುಐಡಿ ಅನ್ನುವ ಆರು ಅಕ್ಷರದ ಗುರುತು ಒಂದೊಂದು ಒಡವೆಗೂ ಬೇರೆ. ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಅಂಗಡಿ, ಶುದ್ಧತೆ ಬರುತ್ತದೆ. ಕೊಂಡವರ ಹೆಸರು ಬರುವುದಿಲ್ಲ. ಆದರೆ ಆ ಆರು ಅಕ್ಷರ ನಿಮ್ಮ ಬಿಲ್ಲಿನಲ್ಲೂ ಇದ್ದರೆ ಮುಗಿಯಿತು, ವಾದವೇ ಬೇಡ. ಇವತ್ತೇ ನಿಮ್ಮ ಒಡವೆ ತೆಗೆದು ಆ ಅಕ್ಷರ ಕಾಣುವ ಹಾಗೆ ಫೋಟೋ ತೆಗೆದಿಡಿ.

ಗೋಣಿಚೀಲ
ಚಿನ್ನಕ್ಕಾದರೂ ಗುರುತು ಇದೆ. ನಮ್ಮ ಕಾಫಿಗೆ ಏನಿದೆ ಹೇಳಿ. 2024-25ರ ಸುಗ್ಗಿಯಲ್ಲಿ ಬೆಲೆ ಏರಿತಲ್ಲ, ಆಗ ಕಣದಿಂದ ರಾತ್ರೋರಾತ್ರಿ ಒಂಬತ್ತು ಚೀಲ ಚೆರ್ರಿ ಎತ್ತಿದರು. ಠಾಣೆಗೆ ಹೋದರೆ ಮೊದಲ ಪ್ರಶ್ನೆ, "ಸಿಕ್ಕಿದರೆ ನಿಮ್ಮದು ಅಂತ ಹೇಗೆ ಹೇಳುತ್ತೀರಿ?" ಉತ್ತರ ಇರಲಿಲ್ಲ. ರೊಬಸ್ಟಾ ಚೆರ್ರಿ ಎಲ್ಲರ ಕಣದಲ್ಲೂ ಒಂದೇ ತರ ಇರುತ್ತದೆ. ಚೀಲ ಬದಲಾಯಿಸಿ, ಬೇರೆ ಕಾಫಿಗೆ ಬೆರೆಸಿದರೆ ದೇವರೇ ಬಂದರೂ ಗುರುತಿಸಲು ಆಗುವುದಿಲ್ಲ.

ಆಮೇಲೆ ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಒಂದು ಉಪಾಯ ಹೇಳಿದರು. ಈಗ ಪ್ರತಿ ಚೀಲದ ಬಾಯಿಯನ್ನು ಹಸಿರು ನೈಲಾನ್ ದಾರದಲ್ಲಿ ಹೊಲಿಯುತ್ತೇವೆ, ಕೊನೆಗೆ ಮೂರು ಗಂಟು. ಅದನ್ನು ಕಳ್ಳ ಬಿಚ್ಚಬಹುದು. ಅದಕ್ಕೆ ಚೀಲ ಅರ್ಧ ತುಂಬಿದಾಗ ತೋಟದ ಹೆಸರು, ತಾರೀಕು ಬರೆದ ಚಿಕ್ಕ ಪ್ಲಾಸ್ಟಿಕ್ ಚೀಟಿಯನ್ನು ಮಧ್ಯಕ್ಕೆ ಹಾಕುತ್ತೇವೆ. ಮೇಲಿಂದ ಕಾಣುವುದಿಲ್ಲ. ಹೋದ ವರ್ಷ ಪಕ್ಕದ ತೋಟದಲ್ಲಿ ಹೀಗೇ ಹಾಕಿದ್ದರು, ನಾಲ್ಕು ಚೀಲ ಕಳ್ಳತನ ಆಯಿತು. ವ್ಯಾಪಾರಿಯ ಗೋಡೌನಿನಲ್ಲಿ ಪೊಲೀಸರು ಚೀಲ ಸುರಿಸಿದಾಗ ಚೀಟಿ ಹೊರಗೆ ಬಂತು. ಅಲ್ಲೇ ಮಹಜರು ಬರೆದರು.

ಕರಿಮೆಣಸು
ಗೋಣಿಚೀಲ ಅಣ್ಣ, ಇದು ಒಳ್ಳೆ ಉಪಾಯ. ನಮ್ಮದು ಇನ್ನೂ ಕಷ್ಟ, ಬಳ್ಳಿಯಲ್ಲೇ ಕೊಯ್ದುಕೊಂಡು ಹೋಗುತ್ತಾರೆ. ಸಣ್ಣ ವ್ಯಾಪಾರಿಗಳು ಹತ್ತು ಕೆಜಿ, ಇಪ್ಪತ್ತು ಕೆಜಿ ಹಸಿ ಮೆಣಸು ತಂದವರನ್ನು ಯಾರು, ಎಲ್ಲಿಯದ್ದು ಅಂತ ಕೇಳಿ ಬರೆದಿಟ್ಟರೆ ಅರ್ಧ ಕಳ್ಳತನ ನಿಲ್ಲುತ್ತದೆ.

ಕಾವೇರಿ ತೀರ
ಎಲ್ಲ ಹೊರಗಿನಿಂದ ಬಂದ ಕೆಲಸದವರದ್ದೇ ಕೆಲಸ. ಅವರನ್ನು ಮೊದಲು ಹೊರಗೆ ಹಾಕಿ.

ಸುಂಟಿಕೊಪ್ಪದಕ್ಕ
ಹಾಗೆ ಹೇಳಬೇಡಿ. ನಮ್ಮ ಮನೆಯಲ್ಲಿ ಕದ್ದವನು ನಮ್ಮದೇ ಊರಿನವನು, ನಮ್ಮ ಮನೆಯಲ್ಲೇ ಎಷ್ಟೋ ಸಲ ಊಟ ಮಾಡಿದವನು. ಆದರೆ ಪೊಲೀಸರು ಮೊದಲು ಕರೆದುಕೊಂಡು ಹೋಗಿ ಕೂರಿಸಿದ್ದು ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಅಸ್ಸಾಂ ಹುಡುಗನನ್ನು. ಎರಡು ದಿನ. ನಾನೇ ಅವನ ಹೆಸರು ಹೇಳಿದ್ದೆ. ಆಮೇಲೆ ಅವನ ಹೆಂಡತಿಯ ಮುಖ ನೋಡಲು ನನಗೆ ಆಗಲಿಲ್ಲ.

ನಿವೃತ್ತ ದಫೇದಾರ್
ಅಕ್ಕ ಹೇಳಿದ್ದು ಸರಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎಲ್ಲರ ಆಧಾರ್ ಪ್ರತಿ, ಫೋಟೋ, ಫೋನ್ ನಂಬರ್ ತಗೊಂಡು ಒಂದು ಪ್ರತಿ ಠಾಣೆಗೆ ಕೊಡಿ. ಅದು ಅವರಿಗೂ ರಕ್ಷಣೆ. ಆದರೆ ಅನುಮಾನಕ್ಕೆ ಆಧಾರ ಇರಬೇಕು. ತಪ್ಪು ಹೆಸರು ಕೊಟ್ಟರೆ ನಿಜವಾದ ಕಳ್ಳನಿಗೆ ನೀವೇ ಎರಡು ದಿನ ಕೊಟ್ಟ ಹಾಗೆ. ಆ ಎರಡು ದಿನದಲ್ಲೇ ಚಿನ್ನ ಕರಗುತ್ತದೆ.

ನಾಪೋಕ್ಲು ನೆಟ್‌ವರ್ಕ್
ಸಿಸಿಟಿವಿ ಹಾಕಿಸಿ ಅನ್ನುತ್ತಾರೆ. ಹಾಕಿಸಿದ್ದೇವೆ. ಜುಲೈಯಲ್ಲಿ ಮರ ಬಿದ್ದು ಐದು ದಿನ ಕರೆಂಟ್ ಇಲ್ಲ, ಯುಪಿಎಸ್ ಮೊದಲ ದಿನವೇ ಖಾಲಿ. ಕಳ್ಳ ಬಂದದ್ದು ನಾಲ್ಕನೇ ರಾತ್ರಿ. ಲ್ಯಾಪ್‌ಟಾಪ್ ಮತ್ತು ಎರಡು ಫೋನ್ ಹೋಯಿತು. ಫೋನ್ ಮಾತ್ರ ಸಿಕ್ಕಿತು, ಅದೂ ಸಿಇಐಆರ್‌ನಿಂದ. ಎಫ್‌ಐಆರ್ ಪ್ರತಿ, ಐಎಂಇಐ ನಂಬರ್ ಹಾಕಿ ಆ ಸರ್ಕಾರಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿದೆವು. ಯಾರೋ ಹೊಸ ಸಿಮ್ ಹಾಕಿದ ಕೂಡಲೇ ಠಾಣೆಗೆ ಮಾಹಿತಿ ಬಂತು. ಐಎಂಇಐ ಫೋನಿನ ಡಬ್ಬಿ ಮೇಲೆ ಇರುತ್ತದೆ, ಡಬ್ಬಿ ಬಿಸಾಡಬೇಡಿ.

ಒಂಟಿಮನೆ
ಕೋವಿ ಕಳ್ಳತನ ಆದರೆ ಏನು ಮಾಡಬೇಕು? ನಮ್ಮದು ಕೊಡವರಿಗೆ ಇರುವ ವಿನಾಯಿತಿ ಕೋವಿ, ಲೈಸೆನ್ಸ್ ಇಲ್ಲ.

ನಿವೃತ್ತ ದಫೇದಾರ್
ಒಂದು ನಿಮಿಷವೂ ತಡ ಮಾಡಬೇಡಿ. ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಜವಾಬ್ದಾರಿಯಿಂದ ಇಲ್ಲ. ಕೋವಿ ನಂಬರ್, ವಿನಾಯಿತಿ ಪತ್ರದ ಪ್ರತಿ ಹಿಡಿದು ಅವತ್ತೇ ದೂರು ಕೊಡಿ. ನಾಳೆ ಆ ಕೋವಿಯಲ್ಲಿ ಏನಾದರೂ ನಡೆದರೆ ಮೊದಲು ಬರುವುದು ನಿಮ್ಮ ಬಾಗಿಲಿಗೆ. ಬೇರೆ ಊರಿಗೆ ಹೋಗುವಾಗ ಕೋವಿಯನ್ನು ಬೀಗ ಹಾಕಿದ ಮನೆಯಲ್ಲಿ ಬಿಡಬೇಡಿ.

ಅಮ್ಮತ್ತಿ ಹುಡುಗಿ
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಗಿರವಿ ಕೌಂಟರ್ ಅಣ್ಣ, ನಿಮ್ಮ ಪ್ರಶ್ನೆ ಓದಿ ಅಪ್ಪನನ್ನು ಕೇಳಿದೆ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಗದ್ದೆ ಹೋಗಿತ್ತು, ಆ ವರ್ಷ ಜೋಮಾಲೆಯನ್ನು ಸೊಸೈಟಿಯಲ್ಲಿ ಇಟ್ಟು ಸಾಲ ತಗೊಂಡಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಚೀಟಿಯನ್ನು ಆರ್‌ಟಿಸಿ ಫೈಲಿನಲ್ಲಿ ಇಟ್ಟಿದ್ದರು, ಸಿಕ್ಕಿತು! "ಜೋಮಾಲೆ 1, ಅರಗು ಸಹಿತ" ಅಂತ ಬರೆದು ಎರಡೂ ತೂಕ ಹಾಕಿದ್ದಾರೆ. ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು ವಕೀಲರು ಹೇಳಿದ ಹಾಗೆ ಬರೆದೆವು. ಅಮ್ಮ ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಕೊಂಡಿಯಿಂದ ಮೂರನೇ ಗುಂಡು ನಾನು ಚಿಕ್ಕವಳಿದ್ದಾಗ ಕಚ್ಚಿ ನಗ್ಗಿಸಿದ್ದು. ಪತ್ತಾಕಿನಲ್ಲಿ ಒಂದು ಕೆಂಪು ಕಲ್ಲು ಬಿದ್ದುಹೋಗಿ ಹೊಸದು ಹಾಕಿಸಿದ್ದು, ಅದು ಉಳಿದವುಗಳಿಗಿಂತ ಸ್ವಲ್ಪ ತಿಳಿ. ಇಷ್ಟೆಲ್ಲ ನೆನಪಿದ್ದೂ ಅವತ್ತು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಿರಾಜಪೇಟೆ ವಕೀಲ
ಆ ಮೂರನೇ ಗುಂಡು ಸಾಕು. ಕೊಟ್ಟ ಹೇಳಿಕೆಯ ಒಂದು ಪ್ರತಿಗೆ ಠಾಣೆಯ ಸೀಲು ಹಾಕಿಸಿಕೊಳ್ಳಿ.

ಅಮ್ಮತ್ತಿ ಹುಡುಗಿ
ಇವತ್ತು ಹೋಗಿ ಬಂದೆವು. ಒಂದು ಬಿಳಿ ಬಟ್ಟೆಯ ಮೇಲೆ ಹನ್ನೊಂದು ಒಡವೆ ಇಟ್ಟಿದ್ದರು. ವಿಡಿಯೋ ಮಾಡುತ್ತಿದ್ದರು. ಅಮ್ಮ ನೇರ ಹೋಗಿ ಜೋಮಾಲೆ ಎತ್ತಿಕೊಂಡು ಗುಂಡುಗಳನ್ನು ಒಂದೊಂದೇ ಬೆರಳಲ್ಲಿ ಉರುಳಿಸಿ ಮೂರನೆಯದಕ್ಕೆ ನಿಲ್ಲಿಸಿದರು. ಅಧಿಕಾರಿ ಬಗ್ಗಿ ನೋಡಿ ಏನೂ ಮಾತಾಡದೆ ಬರೆದುಕೊಂಡರು. ಎರಡು ಬಳೆ ಕೂಡ ನಮ್ಮದು. ಪತ್ತಾಕ್ ಇರಲಿಲ್ಲ. ಗಟ್ಟಿಯನ್ನು ತೋರಿಸಿದರು, ಬೆರಳಿನಷ್ಟು ಉದ್ದ. ಅದರಲ್ಲಿ ನಮ್ಮದು ಇದೆಯೋ ಇಲ್ಲವೋ.

ಸುಂಟಿಕೊಪ್ಪದಕ್ಕ
ಓದಿ ಕಣ್ಣಲ್ಲಿ ನೀರು ಬಂತು ತಂಗಿ. ಅಮ್ಮ ಊಟ ಮಾಡಿದರಾ?

ಅಮ್ಮತ್ತಿ ಹುಡುಗಿ
ಮಾಡಿದರು ಅಕ್ಕ. ಮನೆಗೆ ಕೊಡುವುದು ಯಾವಾಗ ಅಂತ ಕೇಳಿದ್ದಕ್ಕೆ ಕೋರ್ಟಿಗೆ ಅರ್ಜಿ ಹಾಕಿ ಅಂದರು. ವಕೀಲರೇ, ಇದಕ್ಕೆ ವರ್ಷ ಹಿಡಿಯುತ್ತದಾ?

ವಿರಾಜಪೇಟೆ ವಕೀಲ
ಕೇಸು ಮುಗಿಯುವ ತನಕ ಕಾಯಬೇಕಿಲ್ಲ. ಪೊಲೀಸರು ಮಾಲನ್ನು ಪಿಎಫ್ (ಪ್ರಾಪರ್ಟಿ ಫಾರಂ) ನಂಬರ್ ಹಾಕಿ ಕೋರ್ಟಿಗೆ ವರದಿ ಮಾಡಿರುತ್ತಾರೆ. ಆ ನಂಬರ್ ತಗೊಂಡು ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಬೇಕು. ಬೆಲೆಬಾಳುವ ವಸ್ತುಗಳನ್ನು ಸುಮ್ನೆ ಠಾಣೆಯಲ್ಲಿ ಇಟ್ಟುಕೊಳ್ಳಬಾರದು, ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ತಗೊಂಡು ಮಾಲೀಕರಿಗೆ ಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂನಲ್ಲಿ ಫೋಟೋ, ವಿಡಿಯೋ ಮಾಡಿ ಬೇಗ ವಿಲೇವಾರಿ ಮಾಡಲು ದಿನಗಳ ಲೆಕ್ಕವನ್ನೂ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಕೇಸು ಮುಗಿಯುವ ತನಕ ಮಾರಬಾರದು, ಕರಗಿಸಬಾರದು, ರೂಪ ಬದಲಾಯಿಸಬಾರದು. ಕೋರ್ಟ್ ಕರೆದರೆ ತರಬೇಕು. ಆ ನಗ್ಗಿದ ಗುಂಡನ್ನೂ ಸರಿ ಮಾಡಿಸಬೇಡಿ.

ಗಟ್ಟಿಯ ವಿಷಯ ಸ್ವಲ್ಪ ತಡವಾಗುತ್ತದೆ. ಯಾವ ಮನೆಯ ಒಡವೆ ಕರಗಿಸಿದ್ದು ಅಂತ ಆರೋಪಿಯೂ ಕರಗಿಸಿಕೊಟ್ಟವನೂ ಹೇಳಿದ್ದನ್ನು, ತೂಕವನ್ನು, ನಾಲ್ಕೂ ಮನೆಯವರ ದೂರನ್ನು ಇಟ್ಟುಕೊಂಡು ಕೋರ್ಟ್ ನೋಡಬೇಕು. ಪೊಲೀಸರ ಮುಂದೆ ಬರೀ ಒಪ್ಪಿಕೊಂಡ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅವನು ಹೇಳಿದ್ದರಿಂದಲೇ ಮಾಲು ಪತ್ತೆಯಾಗಿದ್ದರೆ ಅಷ್ಟು ಭಾಗ ನಡೆಯುತ್ತದೆ. ನಿಮ್ಮ ಪಾಲು ಕೇಳಿ ಅರ್ಜಿಯಲ್ಲೇ ಸೇರಿಸಿ.

ಮಳೆಕಾಡು
ಇದನ್ನೆಲ್ಲ ಓದಿ ನಿನ್ನೆ ನಾನೂ ಕೂತು ಬರೆದೆ. ನಾಲ್ಕು ವರ್ಷ ಆದರೂ ಹೆಂಡತಿಗೆ ಎಲ್ಲ ನೆನಪಿದೆ. ಸೋಮವಾರ ಠಾಣೆಗೆ ಕೊಟ್ಟು ಬರುತ್ತೇನೆ.

ನಿವೃತ್ತ ದಫೇದಾರ್
ಕೊಡಿ ಸಾರ್. ಕ್ರೈಂ ಸಿಬ್ಬಂದಿ ಯಾರು ಅಂತ ಕೇಳಿ ಅವರ ಕೈಗೂ ಒಂದು ಪ್ರತಿ ಕೊಡಿ. ಬೇರೆ ಜಿಲ್ಲೆಯಲ್ಲಿ ಮಾಲು ಸಿಕ್ಕಿದಾಗ ಫೋನಿನಲ್ಲಿ ಕೇಳುವುದು ಅವರನ್ನೇ.

ಅಮ್ಮತ್ತಿ ಹುಡುಗಿ
ವಕೀಲರೇ, ಇನ್ನೊಂದು. ಬಾಂಡ್‌ಗೆ ತೋಟದ ಆರ್‌ಟಿಸಿ ಕೊಟ್ಟರೆ ಸಾಕಾ? ನಮ್ಮದು ಜಮ್ಮ, ಅಂದರೆ ಮನೆತನದ ಹಿಡುವಳಿ, ಆರ್‌ಟಿಸಿಯಲ್ಲಿ ಪಟ್ಟೇದಾರರು ಅಂತ ದೊಡ್ಡಪ್ಪನ ಹೆಸರು ಇದೆ.

ವಿರಾಜಪೇಟೆ ವಕೀಲ
ಹಾಗಾದರೆ ದೊಡ್ಡಪ್ಪನನ್ನೇ ಜಾಮೀನಿಗೆ ಕರೆದುಕೊಂಡು ಬನ್ನಿ. ಅವರ ಆಧಾರ್, ಆರ್‌ಟಿಸಿ, ಎರಡು ಫೋಟೋ ಬೇಕು. ಸೊಸೈಟಿ ಚೀಟಿಯ ಮೂಲ ಪ್ರತಿ ಮರೆಯಬೇಡಿ, ಜೆರಾಕ್ಸ್ ಸಾಲದು.